ಪಚ್ಚೆಯ ಅಂಚಿನ ಕೆಂಪು

ಹರಳು ಪರೀಕ್ಷೆಯ ಕೆಲಸಕ್ಕೆ ಸೇರಿದ ಮೇಲೆ ಸೊಸೆಗೆ ಮನೆಯಲ್ಲಿ ‘ಭೂತಗನ್ನಡಿ’ ಎಂಬ ಹೆಸರು ಖಾಯಂ ಆಗಿತ್ತು. ಅಡುಗೆ ಉಪ್ಪಿನ ಹರಳನ್ನೂ ಬೆಳಕಿಗೆ ಹಿಡಿದು ನೋಡುತ್ತಾಳೆ ಎಂಬುದು ಅತ್ತೆಯ ದೂರು. ಅಂಥ ಅತ್ತೆಯೇ ಒಂದು ಮಧ್ಯಾಹ್ನ ಹೇಳದೆ ಕೇಳದೆ ಪ್ರಯೋಗಾಲಯಕ್ಕೆ ಬಂದು, ಕರವಸ್ತ್ರದ ಗಂಟು ಬಿಚ್ಚಿ, ಹಸಿರು ಕಲ್ಲೊಂದನ್ನು ಮೇಜಿನ ಮೇಲಿಟ್ಟರು. ಬೆರಳು ಊದಿಕೊಂಡು ಉಂಗುರವನ್ನು ಕತ್ತರಿಸಿ ತೆಗೆಸಬೇಕಾಗಿ ಬಂದಿತ್ತಂತೆ.

“ಮದುವೆಯಾದ ಹೊಸದರಲ್ಲಿ ನಿನ್ನ ಮಾವ ಪಚ್ಚೆ ಅಂತ ಕೊಡಿಸಿದ್ದು. ‘ಅಣ್ಣ ಅತ್ತಿಗೆಗೆ ಗಾಜು ಕೊಟ್ಟು ಟೋಪಿ ಹಾಕ್ದ’ ಅಂತ ನನ್ನ ಮೈದುನಂದಿರು ಈಗ್ಲೂ ನಗ್ತಾರೆ. ಗಾಜಾದ್ರೆ ಗಾಜು ಅನ್ನು, ಬೇಜಾರಿಲ್ಲ. ನಿನ್ನ ಮಾವ ಬೇಕಂತ್ಲೇ ಸುಳ್ಳು ಹೇಳಿದ್ರಾ, ಅದೊಂದು ಗೊತ್ತಾಗ್ಬೇಕು ನಂಗೆ. ಅವರನ್ನ ಕೇಳೋಣ ಅಂದ್ರೆ ಅವರೇ ಇಲ್ಲ.”

ಭೂತಗನ್ನಡಿಗೆ ಕುತೂಹಲ ತಡೆಯಲಾಗಲಿಲ್ಲ. ಕಲ್ಲಿನಲ್ಲಿ ಬೆಳಕು ಎಷ್ಟು ಬಾಗುತ್ತದೆಂದು ಅಳೆಯುವ ಪುಟ್ಟ ಯಂತ್ರದ ಮೇಲೆ ಹರಳಿನ ಅಗಲ ಮುಖವನ್ನಿಟ್ಟು ಇಣುಕಿದಳು. ಗಾಜಿನ ಅಂಕಿಯಲ್ಲ, ಪಚ್ಚೆಯದೂ ಅಲ್ಲ. ಎರಡಕ್ಕಿಂತಲೂ ಎಷ್ಟೋ ಮೇಲೆ.

“ಅತ್ತೆ, ಇದು ಗಾರ್ನೆಟ್! ಹಸಿರು ಗಾರ್ನೆಟ್! ಪಚ್ಚೆಗಿಂತ ಅಪರೂಪ!”

ಅತ್ತೆಯ ಮುಖ ಊರಗಲವಾಯಿತು. ಮೈದುನಂದಿರಿಗೆ ಆಗಲೇ ಫೋನ್ ಮಾಡುವವರಿದ್ದರು. ಸೊಸೆ ಫೋಟೋ ತೆಗೆಯಲೆಂದು ಕಲ್ಲನ್ನು ಬಿಳಿ ಕಾಗದದ ಮೇಲೆ ಬೋರಲು ಹಾಕಿದಳು.

“ಅಲ್ವೇ, ಅಂಚಿನ ಸುತ್ತ ಕೆಂಪಗಿದೆಯಲ್ಲ, ಅದೇನು?”

ಸೊಸೆ ಬಗ್ಗಿ ನೋಡಿದಳು. ಕಲ್ಲನ್ನು ನೀರಿಗೆ ಹಾಕಿ ಪಕ್ಕದಿಂದ ನೋಡಿದರೆ ಗುಟ್ಟು ರಟ್ಟಾಯಿತು: ಮೇಲೆ, ನೇರ ನೋಡಿದರೆ ಬಣ್ಣ ಕಾಣದಷ್ಟು ತೆಳುವಾದ ಕೆಂಪು ಗಾರ್ನೆಟ್ಟಿನ ಪದರ, ಕೆಳಗೆಲ್ಲ ಹಸಿರು ಗಾಜು. ಅವಳು ಆತುರಕ್ಕೆ ಬಿದ್ದು ಮೇಲಿನ ಮುಖವೊಂದನ್ನೇ ಅಳೆದಿದ್ದಳು. ಯಂತ್ರ ಸುಳ್ಳು ಹೇಳಿರಲಿಲ್ಲ, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿತ್ತು. ನಾಚಿಕೆಯಿಂದ ಮುಖ ಕೆಂಪಾಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಅತ್ತೆ ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ತಾವೇ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ, ಬೆಸುಗೆಯ ಜಾಗದಲ್ಲಿದ್ದ ಗಾಳಿಗುಳ್ಳೆಗಳನ್ನು ಬೆರಗಾಗಿ ನೋಡಿದರು. “ಸೋಡಾ ಇದ್ದಂಗಿದೆ! ಅಲ್ಲ, ಪೂರ್ತಿ ಗಾಜಲ್ಲೇ ಮಾಡ್ಬಹುದಿತ್ತಲ್ಲ, ಈ ಚೂರು ಯಾಕೆ?”

“ಕಬ್ಬಿಣ ಉಜ್ಜೋ ಅರ ಎಳೆದು ಪರೀಕ್ಷೆ ಮಾಡೋರಿಗೋಸ್ಕರ. ಗಾಜಾದ್ರೆ ಗೀರು ಬೀಳುತ್ತೆ, ಗಾರ್ನೆಟ್ ಮೇಲೆ ಅರ ಜಾರುತ್ತೆ. ಗಿರಾಕಿ ಅಸಲಿ ಅಂತ ನಂಬಿಬಿಡ್ತಾನೆ.”

ಅತ್ತೆ ಸೂಕ್ಷ್ಮದರ್ಶಕದಿಂದ ನಿಧಾನವಾಗಿ ತಲೆಯೆತ್ತಿದರು.

“ನಿನ್ನ ಮಾವ ಅರ ಹಾಕ್ಸಿದ್ರು ಕಣೇ. ಅಂಗಡೀಲಿ, ನನ್ನೆದುರಿಗೇ. ಅಂಗಡಿಯವನು ಎಳೀತಿದ್ರೆ ಇವರು ಗಟ್ಟಿಯಾಗಿ ಕಣ್ಣು ಮುಚ್ಕೊಂಡು ನಿಂತಿದ್ರು. ಗೀರು ಬೀಳ್ಲಿಲ್ಲ ಅಂದ್ಮೇಲೆ ಮಗು ಥರ ನಕ್ಕಿದ್ರು. ಆಮೇಲೆ ಇವರ ತಮ್ಮಂದಿರ ಮಾತು ಕೇಳಿ ಕೇಳಿ, ಅದೂ ನಾಟಕಾನೇ ಇರ್ಬೇಕು ಅಂದ್ಕೊಂಡೆ.”

“ಗಾಜು ಅಂತ ಗೊತ್ತಿದ್ದೋರು ಅರ ಹಾಕಿಸ್ತಾರಾ ಅತ್ತೆ? ಗೊತ್ತಿದ್ರೆ ಕಣ್ಣು ಯಾಕೆ ಮುಚ್ಕೋಬೇಕಿತ್ತು?”

“ಹಾಗಾದ್ರೆ ಮೋಸಗಾರ ಅಲ್ಲ,” ಅತ್ತೆಗೆ ನಗು ಬಂತು, “ಬರೀ ಪೆದ್ದ!” ನಗುತ್ತ ನಗುತ್ತಲೇ ಕಣ್ಣು ತುಂಬಿತು. ಸೊಸೆ ಎದ್ದು ಬಂದು ಅವರ ಊದಿದ ಬೆರಳುಗಳನ್ನು ಹಿಡಿದುಕೊಂಡಳು.

“ಬದುಕಿದ್ದಾಗ ಒಂದ್ಸಲ ಬಾಯಿಬಿಟ್ಟು ಕೇಳಬಹುದಿತ್ತು,” ಎಂದರು ಅತ್ತೆ. “ಹೌದು ಅಂದ್ಬಿಟ್ರೆ ಅಂತ ಹೆದರ್ಕೊಂಡೆ.”