ಹಳದಿ ತಂತಿ

ತನ್ನನ್ನು ನಂಬದವರನ್ನು ಕಂಡರೆ ಗಿರಿಧರನಿಗೆ ಮೈಯೆಲ್ಲ ಉರಿಯುತ್ತಿತ್ತು. ಅಂಥವರೇ ತುಂಬಿದ ಕೋಣೆಯಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು, ಏನು ಮಾಡುವುದು!

ಪಾಸಿರ್ ರಿಸ್ ಎಂಬ ಪರದೇಶದ ಕಡಲದಂಡೆಯ ಹೋಟೆಲಿನಲ್ಲಿ ಎರಡು ದೊಡ್ಡ ದೇಶಗಳವರು ಎದುರುಬದುರು ಕೂತಿದ್ದರು. ಅಣುಬಾಂಬು ಕಡಿಮೆ ಮಾಡೋಣವೆಂದು ಇಬ್ಬರೂ ಒಪ್ಪಿದ್ದರು. ಕಳಚಲು ತಂದದ್ದು ನಿಜವಾದ ಬಾಂಬೋ, ಬರೀ ಡಬ್ಬವೋ ಎಂದು ತಿಳಿಯುವುದು ಹೇಗೆ ಎಂಬಲ್ಲಿ ಕಚ್ಚಾಡುತ್ತಿದ್ದರು. ಬಾಂಬಿನ ಒಳಗುಟ್ಟು ತೋರಿಸಲು ಯಾರೂ ತಯಾರಿಲ್ಲ. ಅದಕ್ಕೇ ಎರಡೂ ಕಡೆಗೆ ಸೇರದ ಗಿರಿಧರ ಕಟ್ಟಿದ ಪೆಟ್ಟಿಗೆ. ಬಾಂಬಿನ ಪಕ್ಕ ಇಟ್ಟರೆ ನಿಜಕ್ಕೆ ಹಸಿರು ದೀಪ, ಸುಳ್ಳಿಗೆ ಕೆಂಪು ದೀಪ. ಅಷ್ಟು ಬಿಟ್ಟು ಅದು ಬೇರೇನೂ ತೋರಿಸುವುದಿಲ್ಲ.

ಆದರೆ ಆ ಪೆಟ್ಟಿಗೆಯನ್ನು ನಂಬುವುದು ಹೇಗೆ? ಅದಕ್ಕಾಗಿ ಒಂದೇ ಥರದ ಎರಡು ಮಾಡಿಸಿದ್ದರು. ಎಲ್ಲರೆದುರು ನಾಣ್ಯ ಚಿಮ್ಮಿ ಒಂದನ್ನು ಆರಿಸಿ, ಸ್ಕ್ರೂ ಸಮೇತ ಬಿಚ್ಚಿ, ನಕ್ಷೆಗೆ ತಾಳೆ ನೋಡುವುದು. ಅದರಲ್ಲಿ ಮೋಸವಿಲ್ಲದಿದ್ದರೆ ಇನ್ನೊಂದನ್ನು ಬಳಸುವುದು. ಎರಡೂ ಒಂದೇ ಎಂಬ ಮಾತಿನ ಮೇಲೆ ಎಲ್ಲವೂ ನಿಂತಿತ್ತು, ಗಿರಿಧರ ವರ್ಷಗಟ್ಟಲೆ ದುಡಿದು ಗಳಿಸಿದ ಹೆಸರೂ ಸೇರಿ.

ಬೆಳಗ್ಗೆ ಲ್ಯಾಬಿನಲ್ಲಿ ಸೀಲ್ ಹಾಕುವ ಮುಂಚೆ ಸಹೋದ್ಯೋಗಿ ಸಂಹಿತಾ ಕೇಳಿದ್ದಳು. "ಗಿರಿಧರ್, ಎರಡೂ ಸೇಮ್ ಇದೆ ತಾನೇ?"

"ನೀನೂ ನನ್ನ ಇನ್‌ಸ್ಪೆಕ್ಟ್ ಮಾಡೋಕೆ ಶುರು ಮಾಡಿದ್ಯಾ? ಸೇಮ್ ಕಣಮ್ಮ."

ಸೇಮ್ ಇರಲಿಲ್ಲ. ಹಿಂದಿನ ವಾರ ಒಂದು ಪೆಟ್ಟಿಗೆಯ ಹಸಿರು ದೀಪ ಮಿಣುಕಿತ್ತು. ಒಳಗೆ ಬೆಸುಗೆ ಬಿಟ್ಟಿತ್ತು. ಗಿರಿಧರ ಒಂದು ಹಳದಿ ತಂತಿ ಹಾಯಿಸಿ ಬೆಸೆದ, ದೀಪ ನೆಟ್ಟಗಾಯಿತು. ಡೆಮೊಗೆ ಮುಂಚೆ ಇಂಥದ್ದನ್ನು ಸದ್ದಿಲ್ಲದೆ ಸರಿಮಾಡಿಬಿಡುವುದು ಬೆಂಗಳೂರಿನ ಮೊದಲ ಕೆಲಸದಿಂದಲೂ ಅವನಿಗೆ ಅಂಟಿದ ಚಾಳಿ. ಇನ್ನೊಂದು ಪೆಟ್ಟಿಗೆ ಚೆನ್ನಾಗಿಯೇ ಇತ್ತು, ಅದನ್ನು ಮುಟ್ಟಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಹೇಳಿದರೆ ಮತ್ತೆ ಮೊದಲಿನಿಂದ ಪರೀಕ್ಷೆ, ಮತ್ತೆ ಆ ಗಂಟುಮುಖಗಳು.

ನಾಣ್ಯ ಆರಿಸಿದ್ದು ಹಳದಿ ತಂತಿಯ ಪೆಟ್ಟಿಗೆಯನ್ನೇ.

"ನಕ್ಷೆಯಲ್ಲಿ ಇದು ಇಲ್ಲ," ಎಂದಳು ಒಂದು ಕಡೆಯ ಮುಖಂಡೆ, ಬಿಳಿಗೂದಲ ಹೆಂಗಸು, ತಂತಿಯನ್ನು ಚಿಮಟದಲ್ಲಿ ಎತ್ತಿ ಹಿಡಿದು. "ನಿಮ್ಮ ಕೈವಾಡ."

"ನಮ್ಮದಲ್ಲ, ನಿಮ್ಮದು!" ಎದುರು ಕಡೆಯ ಬೋಳುತಲೆಯ ಮುಖಂಡ ಮೇಜು ಗುದ್ದಿದ.

ಇಬ್ಬರೂ ಕಾಗದ ಮಡಚಿಕೊಂಡು ಏಳುವುದನ್ನು ಕಂಡು ಗಿರಿಧರ ಮುಂದೆ ಬಂದ. "ನಾನೇ ಹಾಕಿದ್ದು," ಎಂದ. "ಬೆಸುಗೆ ಬಿಟ್ಟಿತ್ತು. ಸರಿಮಾಡಿದೆ, ಅಷ್ಟೇ."

ಎರಡೂ ಕಡೆಯವರು ಅವನತ್ತ ತಿರುಗಿದರು.

"ಯಾರು ಮಾಡಿಸಿದರು?" ಎಂದ ಬೋಳುತಲೆಯವನು.

"ಯಾರೂ ಅಲ್ಲ. ಬೇಕಾದರೆ ಜೋಡಿಸಿ ಕೊಡುತ್ತೇನೆ, ಓಡಿಸಿ ನೋಡಿ."

"ಮೋಸದ ಪೆಟ್ಟಿಗೆಯೂ ಪರೀಕ್ಷೆಯಲ್ಲಿ ಸರಿಯಾಗಿಯೇ ಓಡುತ್ತದೆ," ಎಂದು ಬಿಳಿಗೂದಲಿನವಳು ನಕ್ಕಳು. "ನೀವು ಸರಿಮಾಡಿದ್ದನ್ನು ಕಂಡವರು ಯಾರು?"

ಅವನು ಪಕ್ಕದಲ್ಲಿದ್ದ ಸಂಹಿತಾಳ ಮುಖ ನೋಡಿದ. ಅವಳು ತಗ್ಗಿದ ದನಿಯಲ್ಲಿ ಕನ್ನಡದಲ್ಲೇ ಅಂದಳು. "ಬೆಳಗ್ಗೆ ಕೇಳ್ದಾಗ ನನ್ ಮುಖಕ್ಕೇ ಸುಳ್ ಹೇಳಿದ್ರಿ. ಈಗ ನಾನೇನಂತ ಹೇಳ್ಲಿ?"

"ಕೆಲಸ ಚೆನ್ನಾಗಾಗ್ಲಿ ಅಂತ ಮಾಡ್ದೆ, ಸಂಹಿತಾ. ನಿಂಗ್ ಗೊತ್ತಿಲ್ವಾ?"

"ಅದು ನಿಮಗ್ ಗೊತ್ತು. ನಂಗೊತ್ತಿಲ್ಲ."

ಮಿಕ್ಕವರೆಲ್ಲ ಅಂದದ್ದಕ್ಕಿಂತ ಅವಳ ಈ ಮಾತು ಅವನಿಗೆ ಹೆಚ್ಚು ನೋವು ಕೊಟ್ಟಿತು. ಅದರಲ್ಲಿ ಸುಳ್ಳಿರಲಿಲ್ಲ, ಅದಕ್ಕೇ.

ಊಟದ ನಂತರ ಅವನನ್ನು ಕರೆಸಿದರು. ಈವರೆಗೆ ಒಂದೇ ಲಿಫ್ಟಿನಲ್ಲೂ ಹತ್ತದಿದ್ದ ಆ ಇಬ್ಬರು ಮೇಜಿನ ಒಂದೇ ಬದಿಗೆ, ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಎದುರಿನ ಒಂಟಿ ಕುರ್ಚಿ ಅವನದು. ಬಿಳಿಗೂದಲಿನವಳು ಓದಿದಳು. "ಈ ವ್ಯಕ್ತಿಯ ಮಾತನ್ನು ನಂಬಲಾಗದು ಎಂದು ಎರಡೂ ದೇಶಗಳು ಒಪ್ಪುತ್ತವೆ. ಇನ್ನು ಮುಂದೆ ಎರಡೂ ಕಡೆಯವರು ಒಟ್ಟಿಗೆ ಕೂತು ಪೆಟ್ಟಿಗೆ ಕಟ್ಟುತ್ತಾರೆ."

ಬೋಳುತಲೆಯವನು ತಲೆಯಾಡಿಸಿದ. ಅವರು ಜೊತೆಯಾಗಿ ಬರೆದ ಮೊದಲ ವಾಕ್ಯ ಅದು. ಎಲ್ಲರೂ ಬಯಸಿದ್ದು ಇದನ್ನೇ. ಅದಕ್ಕೆ ತನ್ನ ಹೆಸರೇ ಬಲಿಯಾಗಬೇಕಿತ್ತೇ ಎಂದು ಗಿರಿಧರನಿಗೆ ಅಳು ಬಂತು, ಸಿಟ್ಟೂ ಬಂತು. ಆದರೆ ಸಿಟ್ಟು ತೀರಿಸಿಕೊಳ್ಳಲು ಅವನಿಗೆ ತನ್ನ ಹೊರತು ಇನ್ನಾರೂ ಇರಲಿಲ್ಲ.

"ಒಪ್ಪಿಗೆ ಎಂದು ಇಲ್ಲಿ ಸಹಿ ಮಾಡಿ."

ಮಾಡಿದ. ಕಾಗದವನ್ನು ಅವರತ್ತ ತಳ್ಳಿದ.

ಇಬ್ಬರೂ ಒಟ್ಟಿಗೇ ಕೈಚಾಚಿದರು. ಅವನ ಪಾಸ್‌ಪೋರ್ಟ್ ಇಸಿದುಕೊಂಡು, ಸಹಿಯನ್ನು ತಾಳೆ ನೋಡತೊಡಗಿದರು.