ರಬ್ಬರಿನಲ್ಲಿ ಸುತ್ತಿದ ಬೆಳ್ಳಿ

"ಇದು ಬೆಳ್ಳಿ ಅಲ್ಲ, ಯಜಮಾನ್ರೇ," ಎಂದು ಪರೀಕ್ಷಕ ಕಪ್ಪು ಗಟ್ಟಿಯನ್ನು ಮೇಜಿನ ಮೇಲೆ ಟಕ್ಕೆಂದು ಇಟ್ಟ. "ಸ್ವಲ್ಪ ಬೆಳ್ಳಿ ಸೇರಿರಬಹುದು, ಅಷ್ಟೇ. ನಿಮ್ಮ ಮನೆಯವರಿಗೆ ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ."

ಮುದುಕರ ಕಿವಿ ಕಾದವು. ಹೆಂಡತಿ ತೀರಿಕೊಂಡು ಎರಡು ತಿಂಗಳು ತುಂಬಿರಲಿಲ್ಲ. ಸತ್ತವರ ವಿಷಯ ಮಾತಾಡುವಾಗ ಜನ ದನಿಯನ್ನಾದರೂ ತಗ್ಗಿಸುತ್ತಾರೆ. ಇವನು ಹಲ್ಲುಕಡ್ಡಿ ಕಚ್ಚಿಕೊಂಡೇ ಹೇಳಿದ್ದ.

ಅದು ನೆಲಮಾಳಿಗೆಯ ಖಾಸಗಿ ಭದ್ರತಾ ಕೊಠಡಿ. ಚಿನ್ನ ಬೆಳ್ಳಿ ಇದ್ದವರು ಬಾಡಿಗೆ ಕೊಟ್ಟು ಇಲ್ಲಿ ಇಡುತ್ತಾರೆ. ಒಳಗೆ ಬಿಡುವ ಮೊದಲು ಪ್ರತಿಯೊಂದನ್ನೂ ತೂಗಿ, ಶುದ್ಧತೆ ಹೇಳುವ ಯಂತ್ರಕ್ಕೆ ತೋರಿಸಿ, ಚೀಟಿ ಬರೆಯುತ್ತಾರೆ. ಒಂದೇ ಒಂದನ್ನು ಬಿಚ್ಚಿ ನೋಡಿ ಪರೀಕ್ಷಕ ಆ ಚೀಟಿಯಲ್ಲಿ ಆಗಲೇ ದುಂಡಗೆ ಬರೆದಿದ್ದ: ಕೀಳು ದರ್ಜೆಯ ಮಿಶ್ರಲೋಹ, ಹದಿನೆಂಟು ಗಟ್ಟಿ.

"ಅದನ್ನು ಹೊಡೆದುಹಾಕು," ಎಂದರು ಮುದುಕರು.

"ಯಂತ್ರ ಹೇಳಿದ್ದನ್ನ ನಾನು ಬರೀತೀನಿ. ನಂಗೂ ನಿಮಗೂ ಏನು ಹಗೆ?"

ಮಗಳು ಅಪ್ಪನ ತೋಳು ಹಿಡಿದಳು. "ಬಿಡಿ ಅಪ್ಪ. ಅಮ್ಮ ಪಾಪ, ಯಾರು ಏನು ಹೇಳಿದ್ರೂ ನಂಬೋರು."

ಪರೀಕ್ಷಕನ ಮಾತಿಗಿಂತ ಈ ಮಾತು ಅವರಿಗೆ ಹೆಚ್ಚು ನಾಟಿತು.

ಅವರ ಹೆಂಡತಿ ಆಸ್ಪತ್ರೆಯ ಶಸ್ತ್ರಚಿಕಿತ್ಸೆ ಕೋಣೆಯಲ್ಲಿ ದಾದಿಯಾಗಿದ್ದವರು. ವರ್ಷಕ್ಕೊಂದು ನೂರು ಗ್ರಾಮಿನ ಗಟ್ಟಿ ಕೊಳ್ಳುತ್ತಿದ್ದರು. ಬಟ್ಟೆಬರೆಯ ಆಸೆ ಇರಲಿಲ್ಲ, ತಿರುಗಾಟದ ಆಸೆ ಇರಲಿಲ್ಲ. ಕಾಗದದ ಹಣ ಕರಗುತ್ತದೆ, ಬೆಳ್ಳಿ ಕೂತಲ್ಲೇ ಕೂತಿರುತ್ತದೆ ಎನ್ನುತ್ತಿದ್ದರು. ಗಾಳಿ ಸೋಕಬಾರದು, ನೀರು ಸೋಕಬಾರದು ಎಂದು ಒಂದೊಂದು ಗಟ್ಟಿಯನ್ನೂ ಒಂದೊಂದು ಹೊಸ ರಬ್ಬರ್ ಕೈಗವಸಿನೊಳಗೆ ತೂರಿಸಿ, ಮಣಿಕಟ್ಟಿನ ಹತ್ತಿರ ಗಂಟು ಹಾಕಿ, ಡಬ್ಬಿಯಲ್ಲಿಡುತ್ತಿದ್ದರು. ಕೊನೆಗೆ ಹಾಸಿಗೆ ಹಿಡಿದಾಗ ಗಂಡನ ಕೈ ಹಿಡಿದು ಹೇಳಿದ್ದು ಇಷ್ಟೇ: "ಇದು ಮಗಳ ಕಷ್ಟಕಾಲಕ್ಕೆ. ಮನೆಯಲ್ಲಿ ಮಾತ್ರ ಇಡಬೇಡಿ. ಅವಳೊಬ್ಬಳ ಹೆಸರಲ್ಲಿ ಹೊರಗೆಲ್ಲಾದರೂ ಇಡಿ." ಅಳಿಯ ವ್ಯಾಪಾರಕ್ಕೆಂದು ಮಗಳ ಕೈಯ ಬಳೆಗಳನ್ನು ಒಂದೊಂದಾಗಿ ಒಯ್ದಿದ್ದ. ಒಂದೂ ಹಿಂದಿರುಗಿರಲಿಲ್ಲ.

ಈಗ ಈ ಚೀಟಿ ಹೀಗೇ ಉಳಿದರೆ, ಕಷ್ಟ ಬಂದ ದಿನ ಮಗಳಿಗೆ ಯಾರು ಬೆಲೆ ಕೊಡುತ್ತಾರೆ? ನಾಳೆ ಈ ಕೊಠಡಿಯವರೇ ಬೆಳ್ಳಿ ತೆಗೆದು ತಗಡಿನ ತುಂಡು ತಂದಿಟ್ಟರೂ ಕೇಳುವ ಬಾಯಿ ಎಲ್ಲಿ?

"ಒಂದು ಲೋಟ ನೀರು ಕೊಡು," ಎಂದರು.

"ತಲೆ ಸುತ್ತುತ್ತಾ ತಾತ?"

"ನನ್ನ ತಲೆ ನೆಟ್ಟಗಿದೆ. ನೀರು ಕೊಡು."

ಮೂವತ್ತೆರಡು ವರ್ಷ ಅವರು ಶಾಲೆಯ ಪ್ರಯೋಗಶಾಲೆಯಲ್ಲಿ ಸಹಾಯಕರಾಗಿದ್ದವರು. ಪಾಠ ಹೇಳುವವರು ಬೇರೆ, ಆದರೆ ಪ್ರಯೋಗ ಮಾಡಿ ತೋರಿಸುವ ಕೈ ಇವರದೇ. ನೀರಿನ ಲೋಟವನ್ನು ತಕ್ಕಡಿಯಂತ್ರದ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತಂದರು. ಶಾಲಿನ ಅಂಚಿನಿಂದ ಒಂದೆಳೆ ಎಳೆದು ಗಟ್ಟಿಗೆ ಬಿಗಿದು, ತಳ ಮುಟ್ಟದಂತೆ ನೀರಿನೊಳಗೆ ಇಳಿಬಿಟ್ಟರು. ಎಪ್ಪತ್ತು ದಾಟಿದ ಕೈ ಒಂದಿಷ್ಟೂ ಅಲುಗಲಿಲ್ಲ.

"ಓದು."

"ಒಂಬತ್ತೂವರೆ."

"ನೂರನ್ನ ಒಂಬತ್ತೂವರೆಯಿಂದ ಭಾಗಿಸು. ಹತ್ತೂವರೆ. ನೀರಿಗಿಂತ ಬೆಳ್ಳಿ ಅಷ್ಟೇ ಪಟ್ಟು ಭಾರ. ಹಿತ್ತಾಳೆ ಆಗಿದ್ರೆ ಹನ್ನೆರಡರ ಹತ್ತಿರ ತೋರಿಸ್ತಿತ್ತು, ತವರ ಆಗಿದ್ರೆ ಹದಿನಾಲ್ಕರ ಹತ್ತಿರ. ನಿನ್ನ ಯಂತ್ರ ನೋಡೋದು ಮೇಲಿನ ಚರ್ಮವನ್ನ. ನೀರು ಹೊಟ್ಟೆಯೊಳಗನ್ನೂ ನೋಡುತ್ತೆ."

ಪರೀಕ್ಷಕ ಹಲ್ಲುಕಡ್ಡಿಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ದೂಡಿದ. "ಇರಬಹುದು. ಆದ್ರೆ ನೀರಿನ ಲೋಟಕ್ಕೆ ನಮ್ಮಲ್ಲಿ ಫಾರಂ ಇಲ್ಲ."

"ಮೇಲಿನ ಕಪ್ಪು ಉಜ್ಜಿ ನೋಡು!"

"ಗಿರಾಕಿ ಸಾಮಾನನ್ನ ನಾವು ಉಜ್ಜೋ ಹಾಗಿಲ್ಲ."

ಮಗಳು ಇಷ್ಟು ಹೊತ್ತು ತಕ್ಕಡಿಯ ಅಂಕಿಯನ್ನೇ ನೋಡುತ್ತಿದ್ದಳು. ಈಗ ಎದ್ದು, ಯಾರಿಗೂ ಏನೂ ಹೇಳದೆ ಮೆಟ್ಟಿಲು ಹತ್ತಿ ಹೋದಳು. ಐದು ನಿಮಿಷದಲ್ಲಿ ಮೇಲಿನ ಅಂಗಡಿಯಿಂದ ಹಲ್ಲುಪುಡಿಯ ಡಬ್ಬಿ ಹಿಡಿದು ಇಳಿದುಬಂದಳು.

"ಗಿರಾಕಿ ಉಜ್ಜಬಹುದಲ್ಲ?"

ಕರವಸ್ತ್ರ ಒದ್ದೆ ಮಾಡಿ ಗಟ್ಟಿಯ ಒಂದು ಮೂಲೆಯನ್ನು ಉಜ್ಜಿದಳು. ಬಟ್ಟೆ ಕಪ್ಪಾಯಿತು, ಮೂಲೆ ಬೆಳ್ಳಗಾಯಿತು. ಯಂತ್ರಕ್ಕೆ ಹಿಡಿದರೆ ಅಂಕಿ ತೊಂಬತ್ತೊಂಬತ್ತು ದಾಟಿತು.

"ಹ್ಞಾಂ, ಈಗ ಸರಿ ಇದೆ," ಎಂದ ಪರೀಕ್ಷಕ, ತನ್ನಿಂದಲೇ ಸರಿಹೋದಂತೆ.

"ಏನು ಸರಿ? ನಮ್ಮಮ್ಮನಿಗೆ ಟೋಪಿ ಹಾಕಿದ್ದು ಯಾರು, ಈಗ ಹೇಳಿ!"

ಅವನು ಹಲ್ಲುಕಡ್ಡಿಯನ್ನು ಬಾಯಿಂದ ತೆಗೆದ. "ತಪ್ಪಾಯ್ತಮ್ಮ. ಗೊತ್ತಾಗಲಿಲ್ಲ."

"ಗೊತ್ತಾಗದೆ ಇದ್ರೆ ಗೊತ್ತಾಗಲಿಲ್ಲ ಅಂತ ಬರೀಬೇಕು. ಆ ಚೀಟಿ ಹರೀರಿ, ನನ್ನ ಕಣ್ಣೆದುರಿಗೆ."

ಅವನು ಹರಿದ. ಆದರೆ ಉಳಿದ ಹದಿನೇಳನ್ನೂ ಉಜ್ಜಿಯೇ ತೋರಿಸಬೇಕೆಂದ. ಅಪ್ಪ ಮಗಳು ಗೋಡೆ ಬದಿಯ ಬೆಂಚಿನ ಮೇಲೆ ಕೂತು, ಗವಸಿನ ಗಂಟುಗಳನ್ನು ಕತ್ತರಿಸತೊಡಗಿದರು. ಹಳೆಯ ರಬ್ಬರು ಬೆಳ್ಳಿಗೆ ಅಂಟಿ ಚೂರು ಚೂರಾಗಿ ಕಿತ್ತುಬರುತ್ತಿತ್ತು.

"ಇಷ್ಟು ಭದ್ರವಾಗಿ ಕಟ್ಟಿದ್ರೂ ಹೇಗೆ ಕಪ್ಪಾಯ್ತು ಅಪ್ಪ?"

ಸುಳ್ಳು ಹೇಳಲು ಅವರ ನಾಲಿಗೆ ಏಳಲಿಲ್ಲ. "ರಬ್ಬರಿನಿಂದಲೇ. ಅದರಲ್ಲಿ ಗಂಧಕ ಇರುತ್ತೆ."

"ನಿಮಗೆ ಗೊತ್ತಿತ್ತಾ?"

"ಮೊದಲ ವರ್ಷದಿಂದ ಗೊತ್ತಿತ್ತು. ಎಷ್ಟು ಚೆನ್ನಾಗಿ ಕಟ್ಟಿದೀನಿ ನೋಡಿ ಅಂತ ತಂದು ತೋರಿಸಿದ್ಳು. ಆ ಮುಖ ನೋಡಿ ಹೇಳೋಕೆ ಮನಸ್ಸು ಬರಲಿಲ್ಲ, ತಾಯಿ."

ಅವಳ ಕೈ ನಿಂತಿತು. "ಹದಿನೆಂಟು ವರ್ಷ! ಅವರು ಕಟ್ತಾನೇ ಇದ್ರು, ನೀವು ನೋಡ್ತಾನೇ ಇದ್ರಿ. ಇವತ್ತು ಯಾವನೋ ಅವರನ್ನ ದಡ್ಡಿ ಅಂದ. ನಾನೂ ನಂಬಿದೆ!"

ಮುದುಕರು ಗಟ್ಟಿಗೆ ಅಂಟಿದ್ದ ರಬ್ಬರಿನ ಚೂರನ್ನು ಉಗುರಿನಿಂದ ಕಿತ್ತರು.

"ಇನ್ನೊಂದು ಕೇಳ್ತೀನಿ. ನನ್ನ ಗಂಡನ ವಿಷಯ. ಮದುವೆಗೆ ಮುಂಚೆಯೇ ನಿಮಗೆ ಏನಾದ್ರೂ ಗೊತ್ತಿತ್ತಾ?"

ಗೊತ್ತಿತ್ತು. ಹುಡುಗ ಜೂಜಿನಲ್ಲಿ ಒಂದು ಅಂಗಡಿಯನ್ನೇ ಕಳೆದಿದ್ದಾನೆಂದು ಶಾಲೆಯ ಜವಾನ ಬಂದು ಪಿಸುಗುಟ್ಟಿದ್ದ. ಅಂದೂ ಮಗಳ ಮುಖದಲ್ಲಿ ಅಂಥದೇ ಸಂತೋಷವಿತ್ತು. ಅವರು ಮನಸ್ಸಿನಲ್ಲೇ ದೇವರನ್ನು ನೆನೆದರು. ಕ್ಷಮಿಸು ಎಂದು ಕೇಳಲು ನಾಚಿಕೆಯಾಯಿತು. ನಿಜ ಹೇಳುವ ಬಾಯಿ ಕೊಡು ಎಂದಷ್ಟೇ ಕೇಳಿಕೊಂಡರು.

"ಗೊತ್ತಿತ್ತಮ್ಮ," ಎಂದರು.

ಮಗಳು ಅಳಲಿಲ್ಲ. ಕರವಸ್ತ್ರವನ್ನೂ ಹಲ್ಲುಪುಡಿಯನ್ನೂ ಅವರ ತೊಡೆಯ ಮೇಲೆ ಇಟ್ಟು ಎದ್ದುನಿಂತಳು.

"ಉಜ್ಜಿ. ಎಲ್ಲಾ ನೀವೇ ಉಜ್ಜಿ."

ಅವಳು ಹೋಗಿ ಹೊಸ ಚೀಟಿಯ ಮುಂದೆ ಕೂತಳು. ಜೊತೆಗೆ ಇನ್ನಾರ ಹೆಸರಾದರೂ ಸೇರಿಸಬೇಕೇ ಎಂದು ಪರೀಕ್ಷಕ ಮೆಲ್ಲಗೆ ಕೇಳಿದ. "ಗಂಡನದೂ ಬೇಡ, ಅಪ್ಪನದೂ ಬೇಡ," ಎಂದಳು. ಬೆಂಚಿನ ಮೇಲೆ ಮುದುಕರು ಎರಡನೆಯ ಗಟ್ಟಿಯನ್ನು ಕೈಗೆತ್ತಿಕೊಂಡರು.