ಗೌಂಡಿ ಗೌಸಮೊದ್ದೀನರ ಎರಡು ಗಟಾರಗಳು

ಕುಡಿಯಲೆಂದು ಕೊಟ್ಟ ನೀರನ್ನು ಗಟಾರಕ್ಕೆ ಸುರಿದ ಮನುಷ್ಯರನ್ನು ನನ್ನ ಎಪ್ಪತ್ತೊಂದು ವರ್ಷಗಳಲ್ಲಿ ನಾನು ಒಬ್ಬರನ್ನೇ ಕಂಡಿದ್ದೇನೆ. ಹುಬ್ಬಳ್ಳಿಯ ಅಂಚಿಗೆ, ಶಿರಗುಪ್ಪಿಯ ದಾರಿಗೆ ಹೊಂದಿ ಎದ್ದ ನಮ್ಮ ಲೇಔಟಿನಲ್ಲಿ ಆಗ ಇದ್ದದ್ದು ಒಂಬತ್ತು ಮನೆ. ನಮ್ಮ ಯಜಮಾನರು ತೀರಿಕೊಳ್ಳುವ ಮುಂಚೆ ಹಿಡಿದಿಟ್ಟಿದ್ದ ಪ್ಲಾಟಿನಲ್ಲಿ ನನ್ನದು ಹತ್ತನೆಯದಾಗಿ ಏಳುತ್ತಿತ್ತು. ಏಪ್ರಿಲ್ ತಿಂಗಳ ಮಧ್ಯಾಹ್ನ. ಮನೆಯ ಮುಂದೆ ಗಟಾರ ಕಟ್ಟುತ್ತಿದ್ದ ಗೌಂಡಿಗೆ ಒಂದು ತಂಬಿಗೆ ನೀರು ಕೊಟ್ಟೆ. ಅವರು ಎರಡು ಗುಟುಕು ಕುಡಿದು, ಉಳಿದದ್ದನ್ನು ಹಿಂದಿನ ವಾರ ಕಟ್ಟಿ ಒಣಗಿದ್ದ ಗಟಾರದೊಳಗೆ ಮೆಲ್ಲಗೆ ಬಿಟ್ಟು, ಅದು ಹರಿದುಹೋಗುವ ತನಕ ಕತ್ತು ಬಗ್ಗಿಸಿ ನೋಡುತ್ತ ಕುಳಿತರು.

"ಕುಡ್ಯಾಕ ಕೊಟ್ಟ ನೀರು ಅದು," ಎಂದೆ ನಾನು, ತುಸು ಸಿಟ್ಟಿನಿಂದಲೇ.

"ಈಕಿಗೂ ನೀರಡಿಕಿ ಆಗಿರತೈತ್ರಿ ಅಕ್ಕಾರ," ಎಂದರು. ಆಮೇಲೆ ದನಿ ತಗ್ಗಿಸಿದರು. "ಇವತ್ತ ಓಡಾಕತ್ತಾಳ. ಎರಡು ಮಳಿಗಾಲ ಹೋಗಲಿ, ಕುಂತಬಿಡತಾಳ."

ಗೋಡೆ, ಗಟಾರ, ಮೆಟ್ಟಿಲು, ನೀರಿನ ಟಾಕಿ, ಕಟ್ಟಿದ್ದೆಲ್ಲವೂ ಗೌಸಮೊದ್ದೀನರ ಬಾಯಲ್ಲಿ ಹೆಂಗಸು. ಸೋರುವ ಮಾಳಿಗೆ "ಅಳತಾಳ", ಬಿರುಕು ಬಿಟ್ಟ ಗೋಡೆ "ಮುನಿಸಿಕೊಂಡಾಳ", ಬುಡ ಕುಸಿದದ್ದು "ಕುಂತಾಳ". ಮೊದಮೊದಲು ನನಗೆ ನಗೆ ಬರುತ್ತಿತ್ತು. ಅವರು ನಡೆಯುವುದೂ ಹಾಗೆಯೇ, ವಿಚಿತ್ರ: ಎಷ್ಟೇ ಅಗಲವಾದ ರಸ್ತೆಯಿರಲಿ ನಡುವೆ ನಡೆಯುವವರಲ್ಲ, ಗಟಾರದ ಅಂಚು ಹಿಡಿದು, ತಲೆ ತಗ್ಗಿಸಿ, ಏನೋ ಕಳೆದುಕೊಂಡವರ ಹಾಗೆ ಒಂದೊಂದೇ ಹೆಜ್ಜೆ ಇಡುತ್ತ ಬರುವರು. ಎದುರಿಗೆ ಬಂದವರ ಮುಖ ಕಾಣುವ ಮೊದಲು ಅವರ ಮನೆಯ ನೀರು ಯಾವ ಕಡೆ ಹೋಗುತ್ತದೆ ಎಂಬುದು ಗೌಸಮೊದ್ದೀನರಿಗೆ ಕಂಡಿರುತ್ತಿತ್ತು.

ಗಟಾರ ಕುಳಿತುಬಿಡುತ್ತದೆ ಎಂದು ಅವರು ಹೇಳಿದ್ದಕ್ಕೆ ಕಾರಣವಿತ್ತು. ನಮ್ಮದು ಎರೆಭೂಮಿ, ಬೇಸಿಗೆಯಲ್ಲಿ ಬಿರಿದು ಕಲ್ಲಾಗುವ ಮಣ್ಣು ಮಳೆಗೆ ಉಬ್ಬುತ್ತದೆ, ಮತ್ತೆ ಕುಗ್ಗುತ್ತದೆ. ಆ ಮಣ್ಣನ್ನು ತೆಗೆದು, ಕೆಳಗೆ ಮೊಣಕಾಲುದ್ದ ಗರಸು, ಅಂದರೆ ಗಟ್ಟಿ ಜಲ್ಲಿಮಣ್ಣು, ತುಂಬಿ, ದಮ್ಮಸು ಹಾಕಿ ಗಟ್ಟಿ ಮಾಡಿದ ಮೇಲೆ ಗಟಾರ ಕಟ್ಟಬೇಕು. ಲೇಔಟು ಮಾಡಿದ ಸಿದ್ದಲಿಂಗಪ್ಪ ಸಾಹುಕಾರರು ಹತ್ತಿ ವ್ಯಾಪಾರದಿಂದ ಭೂಮಿಗೆ ಕೈಹಾಕಿದವರು, ಕೆಟ್ಟವರೆಂದು ನಾನು ಹೇಳಲಾರೆ, ಆದರೆ ನೆಲದ ಒಳಗೆ ಹೋಗುವ ವಸ್ತುವಿಗೆ ಖರ್ಚು ಮಾಡುವುದೆಂದರೆ ಅವರಿಗೆ ಜೀವ ಹೋದಂತೆ. ಗರಸು ಬೇಕೆಂದ ಗೌಂಡಿಗೆ, "ಕಲ್ಲಿನಂಗ ಐತಿ ನೆಲ. ನೀ ಕಟ್ಟೋ ಮಾರಾಯ," ಎಂದರಂತೆ. ಗೌಸಮೊದ್ದೀನರು ಕಟ್ಟಿದರು. ಆ ವರ್ಷ ಅವರ ಮಗಳು ನಿಶಾತಳ ಮದುವೆಯಿತ್ತು.

ಲೇಔಟು ಎಂದರೆ ಯಾರ ಪಾಲು ಎಲ್ಲಿಯವರೆಗೆ ಎಂಬುದನ್ನು ನನಗೆ ತಿಳಿಸಿದವರೂ ಅವರೇ. ನನ್ನ ಕಟ್ಟೆಯ ಮುಂದಿನ ಉಸುಕಿನಲ್ಲಿ ಕಡ್ಡಿಯಿಂದ ಒಂದು ಗೆರೆ ಎಳೆದರು. "ಇದು ಲೇಔಟಿನ ಬಾಗಲಾ ಅಂತ ತಿಳೀರಿ. ಆಚಿ ಕಡೆ ದೊಡ್ಡ ಗಟಾರ, ದೊಡ್ಡ ಪೈಪು ಊರು ತರಬೇಕು. ಈಚಿ ಕಡೆ ರಸ್ತಾ, ಗಟಾರ, ಲೈಟಿನ ಕಂಬ ಸಾಹುಕಾರ್ರು ಮಾಡಬೇಕು. ಮಾಡೂ ಮಟಾ ಅವರವು ಒಂದಿಷ್ಟು ಪ್ಲಾಟು ಸರಕಾರ ಬಿಡೂದಿಲ್ಲ, ಮಾರಾಕ ಬರೂದಿಲ್ಲ. ಮಾಡಿ ಒಪ್ಪಿಸಿದ್ರಂದ್ರ ಪ್ಲಾಟು ಅವರಿಗೆ, ಗಟಾರ ಊರಿಗೆ." ಗೆರೆಯನ್ನು ಅಂಗೈಯಿಂದ ಅಳಿಸಿಬಿಟ್ಟರು. "ಊರಂದ್ರ ಯಾರು? ನೀವ. ನೀವು ತುಂಬೂ ಮನಿಪಟ್ಟಿ."

ಅವರು ಹೇಳಿದ್ದಂತೆ ಎರಡನೆಯ ಮಳೆಗಾಲಕ್ಕೆ ಗಟಾರ ಕುಳಿತಿತು. ಅಷ್ಟರಲ್ಲಿ ಲೇಔಟು ತುಂಬುತ್ತ ಬಂದಿತ್ತು, ನನ್ನ ಮನೆಯಿಂದ ಎಣಿಸಿದರೆ ಹದಿನಾಲ್ಕು ಮನೆಗಳ ಮುಂದೆ ನೀರು ನಿಂತು ಹಸಿರುಗಟ್ಟಿತು. ಆದರೆ ನಮಗೆ ಅದಕ್ಕಿಂತ ದೊಡ್ಡ ಕಷ್ಟ ಬೇರೆ ಇತ್ತು: ಲೇಔಟು ಊರಿಗೆ ಒಪ್ಪಿಸಿದ ಹೊರತು ನಳವಿಲ್ಲ, ಬೀದಿದೀಪವಿಲ್ಲ. ಬಾಗಿಲ ತನಕ ಊರಿನ ಪೈಪೂ ಬಂದಿತ್ತು, ದೊಡ್ಡ ಗಟಾರವೂ ಬಂದಿತ್ತು. ನಾವು ಮಾತ್ರ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುತ್ತಿದ್ದೆವು. ಹಾಗಾಗಿ ಹಸ್ತಾಂತರದ ದಿನ ಗೊತ್ತಾದಾಗ ಸಾಹುಕಾರರಿಗಿಂತ ನಮಗೇ ಹೆಚ್ಚು ಅವಸರ. ಸಹಿ ಒಂದು ಬಿದ್ದರೆ ಸಾಕು ಎಂದು ನಾವೇ ಹೆಂಗಸರು ಇಂಜಿನಿಯರರಿಗೆ ಆರತಿ ತಟ್ಟೆ ಸಿದ್ಧ ಮಾಡಿಕೊಂಡಿದ್ದೆವು.

ಜನವರಿಯ ಒಣ ದಿನ. ಸಾಹುಕಾರರು ಹಿಂದಿನ ದಿನವೇ ಪಂಪು ಹಚ್ಚಿ ಗಟಾರ ಬತ್ತಿಸಿ, ಸುಣ್ಣ ಹೊಡೆಸಿದ್ದರು. ಶಾಮಿಯಾನದ ಕೆಳಗೆ ಮಿರ್ಚಿ, ಚಹಾ. ನಗರದ ಕಚೇರಿಯಿಂದ ಬಂದ ಇಂಜಿನಿಯರ್ ಉಮಾಶ್ರೀ, ಇನ್ನೂ ಎಳೆಯ ಹುಡುಗಿ, ರಸ್ತೆ ಅಳೆದು, ಕಂಬ ಎಣಿಸಿ, ಕಾಗದ ಮುಂದಿಟ್ಟುಕೊಂಡು ಕುಳಿತಿದ್ದಳು. ಆಗ ಗಟಾರದ ಅಂಚು ಹಿಡಿದು ಗೌಸಮೊದ್ದೀನರು ಬಂದರು. ಮಗಳ ಮದುವೆಗೆ ಹೊಲಿಸಿದ ಕರಿ ಕೋಟು ತೊಟ್ಟಿದ್ದರು. ಅದನ್ನು ಬಿಚ್ಚಿ, ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟು, "ಅಕ್ಕಾರ, ಒಂದು ಕೊಡ ನೀರು ಕೊಡ್ರಿ," ಎಂದರು.

ಮಗ್ಗುಲ ಮನೆಯ ದೇವಕ್ಕ ಬಿಟ್ಟಾಳೆಯೇ? "ನಮಗ ಕುಡ್ಯಾಕಿಲ್ಲ, ಈ ಮುದುಕ ಗಟಾರಕ್ಕ ಕುಡಸಾಕ ಬಂದಾನ. ಕೊಡಬ್ಯಾಡ್ರಿ ಮುರಿಗೆವ್ವಾರ."

ನನಗೂ ನಳ ಬೇಕಾಗಿತ್ತು. ಒಳಗಿದ್ದದ್ದು ಮೂರೇ ಕೊಡ. ಆದರೆ ನನ್ನ ಯಜಮಾನರು ಅಡತಿ ಅಂಗಡಿಯಲ್ಲಿ ಹತ್ತಿ ತೂಗುತ್ತಿದ್ದವರು. ತಕ್ಕಡಿ ನಿಲ್ಲುವ ತನಕ ಬಾಯಿ ಬಿಡುತ್ತಿರಲಿಲ್ಲ. ನೋಡಿಯೇ ಬಿಡೋಣವೆಂದು ಒಂದು ಕೊಡ ತಂದುಕೊಟ್ಟೆ.

ಗೌಸಮೊದ್ದೀನರು ಗಟಾರಕ್ಕಿಳಿದು ನೀರು ಬಿಟ್ಟರು. ಅದು ಹನ್ನೆರಡು ಹೆಜ್ಜೆ ಹೋಯಿತು, ನಿಂತಿತು, ತಿರುಗಿ ನನ್ನ ಬಾಗಿಲ ಕಡೆಗೆ ಬಂತು. ಉಮಾಶ್ರೀ ಎದ್ದು ಬಂದು ನೋಡಿದಳು.

"ಯಾರ್ರಿ ಇದನ್ನ ಕಟ್ಟಿದವ್ರು?"

"ನಾನ ರೀ ಬಾಯಾರ. ಬುಡಕ್ಕ ಗರಸು ಹಾಕಿಲ್ಲ. ಗೊತ್ತಿದ್ದೂ ಕಟ್ಟೇನಿ."

ಸಾಹುಕಾರರ ಕೈಯ ಚಹಾ ಕೈಯಲ್ಲೇ ಉಳಿಯಿತು. "ಲೇ ಗೌಸ್ಯಾ, ನನ್ನ ಪಗಾರ ತಿಂದು ನನ್ನ ಮಾನ ತಗೀತಿಯೇನಲೇ?"

"ಮಾನ ಹೋಗಿದ್ದು ನಂದ್ರಿ ಸಾಹುಕಾರ್ರ," ಎಂದರು ಗೌಸಮೊದ್ದೀನರು. "ಕೆಲಸ ನಂದು ಕೆಟ್ಟತಿ. ಇವತ್ತ ಸಹಿ ಬಿದ್ರ ನಾಳಿಂದ ಈಕಿ ಊರಾಕಿ. ಈಕಿನ ಎಬ್ಬಸೂ ಖರ್ಚು ಈ ಮಂದಿ ಮ್ಯಾಲೆ ಬರತೈತಿ. ಸಹಿ ಬೀಳೂಕಿಂತ ಮೊದಲ ಹೇಳಿದ್ರ ನಿಮ್ಮ ಮ್ಯಾಲ ಇರತೈತಿ."

ಉಮಾಶ್ರೀ ಪೆನ್ನಿನ ಟೊಪ್ಪಿಗೆ ಹಾಕಿದಳು. ಶಾಮಿಯಾನ ಬಿಚ್ಚಿದರು.

ಆಮೇಲಿನ ದಿನಗಳಲ್ಲಿ ಗೌಸಮೊದ್ದೀನರಿಗೆ ಬಿದ್ದ ಬೈಗುಳಕ್ಕೆ ಮಿತಿಯಿಲ್ಲ. ದೇವಕ್ಕ ನನ್ನೊಂದಿಗೆ ಯುಗಾದಿಯವರೆಗೆ ಮಾತಾಡಲಿಲ್ಲ. ಪ್ಲಾಟುಗಳು ಕೈಗೆ ಬಾರದೆ ಸಾಹುಕಾರರು ಮೆತ್ತಗಾದರು, ಬೇರೆ ಗೌಂಡಿಗಳನ್ನು ಕರೆಸಿ ಮಾತಾಡಿದರು, ಕೊನೆಗೆ ಒಂದು ದಿನ ಎಲ್ಲರ ಮುಂದೆಯೇ, "ಯಾರನ್ನ ಹಚ್ಚಿದ್ರೂ ಇಂವಾ ಬಂದು ನೀರ ಹಾಕತಾನ. ಇವನ ಕಟ್ಟಲಿ ಅತ್ಲಾಗ," ಎಂದರು.

ಹೀಗೆ ಅದೇ ಗಟಾರವನ್ನು ಅದೇ ಕೈ ಒಡೆದು ಮತ್ತೆ ಕಟ್ಟಿತು. ಕಟ್ಟೆಯ ಮೇಲೆ ಕುಳಿತು ನಾನು ಎಣಿಸಿದೆ, ಅರವತ್ತೆರಡು ಟ್ರಾಲಿ ಗರಸು ಬಿತ್ತು. ಸೆಪ್ಟೆಂಬರಿನಲ್ಲಿ ಮಳೆ ಇರುವಾಗಲೇ ಉಮಾಶ್ರೀ ಕೊಡೆ ಹಿಡಿದು ಬಂದು, ಗಟಾರದ ಉದ್ದಕ್ಕೂ ನಡೆದು, ಸಹಿ ಹಾಕಿದಳು. ದೀಪಾವಳಿಗೆ ನಳದಲ್ಲಿ ನೀರು ಬಂತು. ದೇವಕ್ಕ ಮೊದಲ ಕೊಡವನ್ನು ಗೌಸಮೊದ್ದೀನರ ಕೈಗೆ ಕೊಟ್ಟು, "ಇದನ್ನರ ಕುಡೀರಿ ಮಾರಾಯ್ರ," ಎಂದಳು. ಅವರು ಕುಡಿದರು.

ಲೇಔಟಿನ ಬಾಗಿಲಲ್ಲಿ ಈಗ ಕರಿಕಲ್ಲಿನ ಹಲಗೆಯಿದೆ. ಒಪ್ಪಿಸಿದವರ ಹೆಸರು ಒಂದು ಕಡೆ, ಒಪ್ಪಿಕೊಂಡವರ ಹೆಸರು ಒಂದು ಕಡೆ. ಮೂರನೆಯ ಇಯತ್ತೆಯ ಓದಿನಲ್ಲಿ ಅದನ್ನು ನಾನು ಅಕ್ಷರ ಕೂಡಿಸಿ ಪೂರ್ತಿ ಓದಿದ್ದೇನೆ, ಗೌಂಡಿಯ ಹೆಸರಿಲ್ಲ. ಇರಬೇಕೆಂದು ಅವರೂ ಕೇಳಲಿಲ್ಲ. ನಮ್ಮ ಗಟಾರ ಮುಗಿದ ಮೇಲೆ ಹುಬ್ಬಳ್ಳಿಯ ಯಾವ ಲೇಔಟಿನವರೂ ಅವರನ್ನು ಕೆಲಸಕ್ಕೆ ಕರೆದದ್ದಿಲ್ಲ. ಮನೆಗಳ ಸಣ್ಣಪುಟ್ಟ ರಿಪೇರಿಯಲ್ಲೇ ದಿನ ಕಳೆದರು. ಊರು ಬೆಳೆಯುವಾಗ ಭೂಮಿಯವರು ತಮ್ಮ ಪಾಲು ಇಷ್ಟೆನ್ನುತ್ತಾರೆ, ಸರಕಾರ ತನ್ನ ಪಾಲು ಇಷ್ಟೆನ್ನುತ್ತದೆ, ಇಬ್ಬರೂ ಕಾಗದ ತೋರಿಸುತ್ತಾರೆ. ಆ ಎರಡು ಪಾಲು ಕೂಡುವ ಜಾಗದಲ್ಲಿ, ನೆಲದ ಕೆಳಗೆ, ಯಾರ ಕಣ್ಣಿಗೂ ಬೀಳದಲ್ಲಿ, ತನ್ನ ತಪ್ಪನ್ನು ತಾನೇ ಎತ್ತಿ ತೋರಿಸುವ ಒಬ್ಬ ಮನುಷ್ಯ ಬೇಕಾಗುತ್ತಾನೆ. ಅಂಥವರ ಪಾಲನ್ನು ಯಾವ ಕಾಗದದಲ್ಲೂ ಬರೆದಿರುವುದಿಲ್ಲ, ಆದರೂ ಅವರು ಕೊಡುತ್ತಾರೆ. ಅಂಥವರೊಬ್ಬರ ಕೋಟು ನನ್ನ ಕೈಯಲ್ಲಿ ಸ್ವಲ್ಪ ಹೊತ್ತು ಇತ್ತು ಎಂಬುದು ನನ್ನ ಹೆಮ್ಮೆ.

ಮೊನ್ನೆ ಸತ್ತೂರಿನ ಆಸ್ಪತ್ರೆಗೆ ಹೋಗಿದ್ದೆ. ಗೌಸಮೊದ್ದೀನರ ಎರಡೂ ಮೊಣಕಾಲಿಗೆ ಆಪರೇಶನ್ ಆಗಿದೆ. ನಿಶಾತ ಚಹಾ ತರಲು ಹೋದಾಗ ಅವರು ಗೋಡೆಯ ಕಡೆಗೆ ನೋಡುತ್ತ ಕೇಳಿದರು:

"ಅಕ್ಕಾರ, ಮುಂದ ಯಾರಾರ ನಿಮ್ಮನ್ನ ಕೇಳಿದ್ರ, ಗೌಸಮೊದ್ದೀನ ಯಾವ ಗಟಾರ ಕಟ್ಟಿದಾಂವ ಅಂತ ಹೇಳತೀರಿ? ಮೊದಲಿಂದೋ, ಆಮ್ಯಾಲಿಂದೋ?"